ಕರಡಿ ನೋಡುವವರ ಶಿಕ್ಷಣ

ಕನ್ನಡನಾಡಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಕರಡಿಯನ್ನು ನೋಡಬಯಸಿದವನು ಅಡವಿಯ ದಾರಿ ಹಿಡಿಯಬೇಕಾಗಿರಲಿಲ್ಲ. ಕರಡಿಯೇ ಅವನ ಮನೆಯ ಬಾಗಿಲಿಗೆ ಬರುತ್ತಿತ್ತು. ಕರಡಿಯಾಡಿಸುವ ಖಲಂದರನ ಕೈಯ ಹಗ್ಗಕ್ಕೆ ಮೂತಿ ಕೊಟ್ಟು, ಡಮರುಗದ ಸದ್ದಿಗೆ ಹಿಂಗಾಲ ಮೇಲೆ ನಿಂತು ಕುಣಿದು, ಅಂಜಿಕೆ ಬಿಡಲೆಂದು ತಾಯಂದಿರು ಮುಂದೊಡ್ಡಿದ ಕೂಸುಗಳನ್ನು ಬೆನ್ನಿನ ಮೇಲೆ ಹೊತ್ತು, ತಾಯಿತಕ್ಕೆಂದು ಮೈಯ ಕೂದಲನ್ನೂ ಕೀಳಿಸಿಕೊಂಡು ಮುಂದಿನ ಬೀದಿಗೆ ಸಾಗುತ್ತಿದ್ದ ಆ ಪ್ರಾಣಿಯ ಎದುರಿಗೆ ನಿಂತ ಪ್ರೇಕ್ಷಕನಿಗೆ ಯಾವ ಪೂರ್ವಸಿದ್ಧತೆಯೂ ಬೇಕಾಗಿರಲಿಲ್ಲ. ಸಿದ್ಧತೆಯೆಲ್ಲ ಕರಡಿಯ ಪಾಲಿನದಾಗಿತ್ತು. ತಾಯಿಯಿಂದ ಅಗಲಿಸಿ ತಂದ ಮರಿಯ ಮೂತಿಯನ್ನು ಕಾದ ಕಬ್ಬಿಣದಿಂದ ಚುಚ್ಚಿ ಹಗ್ಗ ಪೋಣಿಸುವುದು, ಹಲ್ಲು ಮುರಿಯುವುದು, ನೋವಿನ ಸ್ಮರಣೆಯೇ ತಾಳವಾಗುವವರೆಗೆ ಕೋಲಿನಿಂದ ಪಳಗಿಸುವುದು, ಇವು ಆ ವೃತ್ತಿಯ ಪಾಠಕ್ರಮ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಕಾಡಿನಿಂದ ಮರಿಗಳನ್ನು ಹಿಡಿದು ತರುವುದನ್ನು ನಿಷೇಧಿಸಿದ ತರುವಾಯವೂ ವೃತ್ತಿಯು ದಶಕಗಳ ಕಾಲ ಮುಂದುವರಿದು, ಆಗ್ರಾದಲ್ಲಿಯೂ ನಮ್ಮ ಬನ್ನೇರುಘಟ್ಟದಲ್ಲಿಯೂ ಆಶ್ರಯಧಾಮಗಳು ತಲೆಯೆತ್ತಿ, ಖಲಂದರರಿಗೆ ಬೇರೆ ಜೀವನೋಪಾಯಗಳನ್ನು ಕಲ್ಪಿಸಿಕೊಟ್ಟ ಮೇಲೆ, 2009ರ ಕೊನೆಯ ಹೊತ್ತಿಗೆ ಹೆಚ್ಚುಕಡಿಮೆ ಮುಗಿಯಿತು. ಆ ಜನ ಕ್ರೂರಿಗಳೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಕಾಸು ಎಸೆದು ನೋಡಿದವರು ನಮ್ಮ ಹಿರಿಯರೇ ಎಂಬುದನ್ನೂ ಮರೆಯಲಾಗದು.

ಮನುಷ್ಯನು ಕರಡಿಯನ್ನು ನೋಡಿದ ಚರಿತ್ರೆಯನ್ನು ಬರೆಯಹೊರಟವನು ಒಂದೊಂದು ಕಾಲದಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೊಂದೇ ಎಂದು ನನಗೆ ತೋರುತ್ತದೆ: ಈ ಭೇಟಿಗಾಗಿ ಸಿದ್ಧವಾಗಬೇಕಾದ ಹೊಣೆ ಯಾರ ಮೇಲೆ ಬಿದ್ದಿತ್ತು? ಇಂದು ಮಾರ್ಗದರ್ಶಕನೊಬ್ಬನ ಹಿಂದೆ ಕಾಡಿಗೆ ಹೋಗಿ ಕರಡಿಯನ್ನು ನೋಡಿಬರುವ ಪ್ರವಾಸಕ್ಕೆ ಪ್ರೇಕ್ಷಕನು ಕೈಗೊಳ್ಳುವ ನಿಯಮಗಳೆಲ್ಲವೂ ಒಂದಾನೊಂದು ಅನರ್ಥದ ಬೆಲೆ ತೆತ್ತು ಕಲಿತವುಗಳು. ಆ ಅನರ್ಥದ ಮುಖ್ಯ ಅಧ್ಯಾಯವು ನಡೆದದ್ದು ಅಮೆರಿಕದ ಯೆಲ್ಲೋಸ್ಟೋನ್ ಎಂಬ ಉದ್ಯಾನದಲ್ಲಿ.

1872ರಲ್ಲಿ ಸ್ಥಾಪಿತವಾದ ಆ ರಾಷ್ಟ್ರೀಯ ಉದ್ಯಾನಕ್ಕೆ ಜನರನ್ನು ಮೊದಲು ಆಕರ್ಷಿಸಿದವು ಬಿಸಿನೀರಿನ ಚಿಲುಮೆಗಳೇ ಹೊರತು ಕರಡಿಗಳಲ್ಲ. ಆದರೆ ಪ್ರವಾಸಿಗರಿಗಾಗಿ ಹೋಟೆಲುಗಳು ಎದ್ದವು; ಹೋಟೆಲುಗಳ ಹಿತ್ತಿಲಿನಲ್ಲಿ ಅಡುಗೆಮನೆಯ ಮುಸುರೆ, ಎಂಜಲು, ಮೂಳೆಗಳು ರಾಶಿಬಿದ್ದವು; ಆ ರಾಶಿಗಳಿಗೆ ಸಂಜೆಯ ಹೊತ್ತು ಕರಡಿಗಳು ಬರತೊಡಗಿದವು; ಕರಡಿಗಳನ್ನು ನೋಡಲು, ಊಟ ಮುಗಿಸಿದ ಅತಿಥಿಗಳು ಬಂದರು. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗಾಗಿ ಈ ತಿಪ್ಪೆಯ ದರ್ಶನವು ಉದ್ಯಾನದ ವಿನೋದಗಳಲ್ಲಿ ಒಂದಾಗಿ ಹೋಗಿತ್ತು. ಕರಡಿಗಳಿಗೆ ತಿನ್ನಿಸಕೂಡದೆಂಬ ನಿಯಮವು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಕಾಗದದ ಮೇಲೆ ಇದ್ದಿತಾದರೂ, 1915ರಲ್ಲಿ ಮೋಟಾರು ಗಾಡಿಗಳಿಗೆ ಪ್ರವೇಶ ದೊರೆತ ಮೇಲೆ ರಸ್ತೆಯ ಅಂಚಿನಲ್ಲಿ ನಿಂತು ಕೈಚಾಚುವ ಕಪ್ಪು ಕರಡಿ, ಗಾಡಿಯ ಕಿಟಕಿಯಿಂದ ಮಿಠಾಯಿ ನೀಡುವ ಪ್ರವಾಸಿ, ಇವರಿಬ್ಬರ ನಡುವೆ ಆ ನಿಯಮವು ಯಾರ ಕಣ್ಣಿಗೂ ಬೀಳದೆ ಹೋಯಿತು.

ಇದರ ಪರಾಕಾಷ್ಠೆಯನ್ನು ಆಟರ್ ಕ್ರೀಕ್ ಎಂಬಲ್ಲಿ ಕಾಣಬಹುದಾಗಿತ್ತು. 1931ರ ಸುಮಾರಿಗೆ ಸರಕಾರವೇ ಅಲ್ಲಿ ಇಳಿಜಾರಿನ ಮೇಲೆ ಸಾಲುಸಾಲಾಗಿ ಮರದ ಆಸನಗಳನ್ನು ಹಾಕಿಸಿ, ನೂರಾರು ಗಾಡಿಗಳಿಗೆ ನಿಲ್ದಾಣ ಒದಗಿಸಿ, ಪ್ರೇಕ್ಷಕರಿಗೂ ಪ್ರಾಣಿಗಳಿಗೂ ನಡುವೆ ಬೇಲಿ ಕಟ್ಟಿಸಿತು. ಹೊತ್ತು ಇಳಿಯುವಾಗ ಹೋಟೆಲಿನ ಮುಸುರೆಯನ್ನು ತಂದು ಸುರಿಯುವರು; ಗ್ರಿಜ್ಲಿ ಕರಡಿಗಳು ಒಂದನ್ನೊಂದು ಗದರಿಸುತ್ತ ಬಂದು ಮೇಯತೊಡಗುವುವು; ಅಧಿಕಾರಿಯೊಬ್ಬನು ಕುದುರೆಯ ಮೇಲೆ ಕುಳಿತು ಅವುಗಳ ಸ್ವಭಾವವನ್ನು ಕುರಿತು ಜನರಿಗೆ ಉಪನ್ಯಾಸ ಮಾಡುವನು. ನಮ್ಮ ಬಯಲಾಟಕ್ಕೆ ಬೇಕಾಗುವ ಅಂಗಗಳೆಲ್ಲವೂ ಅಲ್ಲಿ ಇದ್ದವು: ರಂಗ, ವೇಷ, ಭಾಗವತ, ಸಭೆ. ಆದರೆ ವೇಷ ಕಳಚಿದ ಮೇಲೆ ಪಾತ್ರಧಾರಿ ಎಲ್ಲಿಗೆ ಹೋಗುವನೆಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಅವನು ಜನರ ಡೇರೆಗಳಿಗೆ ಹೋಗುತ್ತಿದ್ದನು. 1931ರಿಂದ 1969ರವರೆಗೆ ಯೆಲ್ಲೋಸ್ಟೋನಿನಲ್ಲಿ ಕರಡಿಗಳಿಂದ ಗಾಯಗೊಂಡವರ ಸಂಖ್ಯೆ ವರ್ಷಕ್ಕೆ ಸರಾಸರಿ 48. ಆಸ್ತಿಪಾಸ್ತಿಗೆ ಹಾನಿಯಾದ ಪ್ರಸಂಗಗಳು ವರ್ಷಕ್ಕೆ ನೂರಕ್ಕೂ ಮೇಲೆ. ಗಾಯ ಮಾಡಿದ ಕರಡಿಗೆ ವಿಧಿಸುತ್ತಿದ್ದುದು ಅನೇಕ ವೇಳೆ ಮರಣದಂಡನೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ರಂಗಸ್ಥಳವು ಮುಚ್ಚಿತು. ತಿಪ್ಪೆಗಳು ಮಾತ್ರ ಜನರ ಕಣ್ಣಿಗೆ ಮರೆಯಾಗಿ ಉಳಿದುಕೊಂಡವು. 1967ರ ಆಗಸ್ಟ್ 13ರ ಒಂದೇ ರಾತ್ರಿ, ಗ್ಲೇಸಿಯರ್ ಎಂಬ ಮತ್ತೊಂದು ಉದ್ಯಾನದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆಗಳಲ್ಲಿ, ಎರಡು ಬೇರೆ ಬೇರೆ ಗ್ರಿಜ್ಲಿಗಳು ಹತ್ತೊಂಬತ್ತರ ಹರೆಯದ ಇಬ್ಬರು ತರುಣಿಯರನ್ನು ಕೊಂದವು. ಆ ಎರಡೆಡೆಗಳಲ್ಲಿ ಒಂದಾದ ಬೆಟ್ಟದ ತಂಗುಮನೆಯಲ್ಲಿ ಅತಿಥಿಗಳ ಸಂತೋಷಾರ್ಥವಾಗಿ ರಾತ್ರಿಯ ಎಂಜಲನ್ನು ಕರಡಿಗಳಿಗೆಂದು ಹೊರಗೆ ಹಾಕುವ ವಾಡಿಕೆಯಿತ್ತು ಎಂಬುದು ಗಮನಾರ್ಹ. ಈ ಆಘಾತದ ಬಳಿಕ ಯೆಲ್ಲೋಸ್ಟೋನಿನ ಆಡಳಿತವು ಹಳೆಯ ತಿಪ್ಪೆಗಳನ್ನು ಬೇಗಬೇಗನೆ ಮುಚ್ಚಿಸತೊಡಗಿತು. ಅಲ್ಲಿನ ಗ್ರಿಜ್ಲಿಗಳನ್ನು 1959ರಿಂದಲೂ ಅಭ್ಯಾಸ ಮಾಡುತ್ತಿದ್ದ ಜಾನ್ ಮತ್ತು ಫ್ರಾಂಕ್ ಕ್ರೇಗ್‌ಹೆಡ್ ಸೋದರರು, ತಲೆಮಾರುಗಳಿಂದ ಬಂದ ಆಹಾರವನ್ನು ಹಠಾತ್ತನೆ ಕಿತ್ತುಕೊಂಡರೆ ಕರಡಿಗಳು ಜನರಿರುವಲ್ಲಿಗೆ ನುಗ್ಗಿ ಸಾಯುವುವು, ಆದುದರಿಂದ ಮೆಲ್ಲಮೆಲ್ಲನೆ ಮುಚ್ಚಬೇಕೆಂದು ವಾದಿಸಿದರು. ಅವರ ಮಾತು ನಡೆಯಲಿಲ್ಲ. ಅನೇಕ ಗ್ರಿಜ್ಲಿಗಳು ಅಸುನೀಗಿದವು. 1975ರಲ್ಲಿ ಅವನ್ನು ಅಪಾಯಕ್ಕೊಳಗಾದ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಗುರಿ ಸರಿಯಾಗಿದ್ದು ನಡೆ ಅವಸರದ್ದಾಯಿತೆಂಬುದೇ ನನ್ನ ಅಭಿಪ್ರಾಯ. ಇಂದು ಆ ಉದ್ಯಾನದಲ್ಲಿ ಕರಡಿಯಿಂದ ನೂರು ಗಜ, ಎಂದರೆ 91 ಮೀಟರು ದೂರದಲ್ಲಿರುವುದು ಕಡ್ಡಾಯ.

ಅದೇ ಕಾಲದಲ್ಲಿ ಉತ್ತರದ ಅಲಾಸ್ಕಾದಲ್ಲಿ ಇನ್ನೊಂದು ಪರಿಯ ಪ್ರಯೋಗವು ಸದ್ದಿಲ್ಲದೆ ಪ್ರಾರಂಭವಾಗಿತ್ತು. ಮಕ್‌ನೀಲ್ ನದಿಯ ಜಲಪಾತದಲ್ಲಿ, ಬೇಸಗೆಯಲ್ಲಿ ಸಮುದ್ರದಿಂದ ಮೇಲೇರಿ ಬರುವ ಸಾಲ್ಮನ್ ಮೀನುಗಳನ್ನು ಹಿಡಿಯಲು ಕಂದು ಕರಡಿಗಳು ಏಕಕಾಲದಲ್ಲಿ ಎಪ್ಪತ್ತಕ್ಕೂ ಹೆಚ್ಚಾಗಿ ನೆರೆದದ್ದುಂಟು. 1967ರಲ್ಲಿ ಅದನ್ನು ಅಭಯಧಾಮವೆಂದು ಸಾರಿದರೂ, ಛಾಯಾಚಿತ್ರಕಾರರೂ ಮೀನು ಹಿಡಿಯುವವರೂ ಮನಬಂದಂತೆ ಅಡ್ಡಾಡಿದ್ದರಿಂದ ಕರಡಿಗಳು ಬರುವುದೇ ಕಡಿಮೆಯಾಗತೊಡಗಿತು. ಆಗ, 1973ರಲ್ಲಿ, ಅಲ್ಲಿನ ಆಡಳಿತವು ಕರಡಿಗಳ ಗೊಡವೆಗೆ ಹೋಗದೆ ಮನುಷ್ಯರನ್ನು ತಿದ್ದಲು ಹೊರಟಿತು. ದಿನಕ್ಕೆ ಹತ್ತು ಮಂದಿಗೆ ಮಾತ್ರ ಜಲಪಾತಕ್ಕೆ ಪ್ರವೇಶ. ಆ ಹತ್ತು ಮಂದಿಯನ್ನು ಆರಿಸುವುದು ಚೀಟಿ ಎತ್ತಿ. ಹೋಗುವುದು ಮಾರ್ಗದರ್ಶಕನ ಜೊತೆಯಲ್ಲಿ, ಒಂದೇ ಗುಂಪಾಗಿ. ನೋಡುವುದು ಪ್ರತಿದಿನವೂ ಗೊತ್ತುಪಡಿಸಿದ ಒಂದೇ ಜಾಗದಿಂದ. ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲಿ ಬಂದು, ತೊಡೆಯವರೆಗಿನ ರಬ್ಬರು ಬೂಟುಗಳನ್ನು ತೊಟ್ಟು, ತಿನ್ನತಕ್ಕ ಒಂದು ಚೂರೂ ಡೇರೆಯಲ್ಲಿ ಉಳಿಯದಂತೆ ಅಡುಗೆಯ ಕೊಠಡಿಯಲ್ಲಿಟ್ಟು, ಸುಮಾರು ಮೂರು ಕಿಲೋಮೀಟರು ಕೆಸರಿನಲ್ಲಿಯೂ ನೀರಿನಲ್ಲಿಯೂ ನಡೆದ ಮೇಲೆಯೇ ದರ್ಶನ. 1976ರಿಂದ ಸುಮಾರು ಮೂವತ್ತು ಬೇಸಗೆಗಳನ್ನು ಅಲ್ಲಿ ಕಳೆದ ಲ್ಯಾರಿ ಔಮಿಲರ್ ಈ ಪದ್ಧತಿಯನ್ನು ಬೆಳೆಸಿದವನು. ಮನುಷ್ಯರಿಂದ ಎಂದೂ ತುತ್ತು ಸಿಗದ, ಎಂದೂ ಪೆಟ್ಟು ಬೀಳದ, ಎಂದೂ ಅನಿರೀಕ್ಷಿತವಾದುದು ಎದುರಾಗದ ಕರಡಿಯು ಕಾಲಕ್ರಮದಲ್ಲಿ ಮನುಷ್ಯರನ್ನು ಬಂಡೆಗಳಂತೆ ಉಪೇಕ್ಷಿಸುವುದೆಂಬುದು ಅವನ ಅನುಭವದ ಸಾರ. ಪ್ರೇಕ್ಷಕರಿಂದ ಕೆಲವೇ ಮಾರು ದೂರದಲ್ಲಿ ತಾಯಿಕರಡಿಗಳು ಮರಿಗಳಿಗೆ ಹಾಲೂಡಿಸಿದ್ದುಂಟು. ಪರವಾನಗಿಯ ಪದ್ಧತಿ ಬಂದಂದಿನಿಂದ ಅಲ್ಲಿ ಕರಡಿಯಿಂದ ಯಾವ ಪ್ರೇಕ್ಷಕನೂ ಗಾಯಗೊಂಡಿಲ್ಲ.

ಈ ಎರಡು ಪಾಠಗಳ ನಡುವೆ ನಮ್ಮ ದರೋಜಿಯನ್ನು ಎಲ್ಲಿಡಬೇಕು? ಹಂಪೆಯಿಂದ ಸುಮಾರು ಹದಿನೈದು ಕಿಲೋಮೀಟರು ದೂರದಲ್ಲಿ, ಹೆಬ್ಬಂಡೆಗಳ ಗುಡ್ಡಗಳೂ ಕುರುಚಲು ಕಾಡೂ ಇರುವ ಆ ಸೀಮೆಯಲ್ಲಿ 1994ರಲ್ಲಿ ಕರಡಿಧಾಮವು ಸ್ಥಾಪನೆಗೊಂಡಿತು. ಇಂದು ಅದರ ವಿಸ್ತೀರ್ಣ 82 ಚದರ ಕಿಲೋಮೀಟರಿಗಿಂತ ತುಸು ಮಿಗಿಲು. ಕಿಷ್ಕಿಂಧೆಯೆಂದು ಜನ ನಂಬುವ ನೆಲ ಅದು, ಎಂದರೆ ಜಾಂಬವಂತನ ಸೀಮೆ. ಆ ನೆಲದಲ್ಲಿ ನಿಂತು ರಾಜ್ಯವಾಳಿದ ಕೃಷ್ಣದೇವರಾಯನು ಸಂಸ್ಕೃತದಲ್ಲಿ ರಚಿಸಿದ ನಾಟಕಕ್ಕೆ ಜಾಂಬವಂತನ ಮಗಳ ವಿವಾಹವೇ ವಸ್ತುವಾದದ್ದು ಆಕಸ್ಮಿಕವೋ ಏನೋ, ನೆರೆಹೊರೆಯ ಪ್ರಭಾವವೆಂದುಕೊಳ್ಳಲು ನನಗಂತೂ ಆಸೆ. ಕವಳೆ, ಕಾರೆ, ಬಾರೆ, ಜಾನೆ, ನೇರಳೆ ಹಣ್ಣುಗಳನ್ನೂ ಜೇನನ್ನೂ ಗೆದ್ದಲನ್ನೂ ಉಂಡು ಬಾಳುವ ದರೋಜಿಯ ಕರಡಿಗೆ ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳಿಲ್ಲ. ಆ ಎಡೆಯಿಂದಲೇ ಅದು ಹುತ್ತದೊಳಗಿನ ಗೆದ್ದಲನ್ನು ಸದ್ದುಮಾಡುತ್ತ ಹೀರುವುದು. ಮೂಗು ಚುರುಕು, ಕಣ್ಣು ಕಿವಿ ಮಂದ. ಹತ್ತಿರಕ್ಕೆ ಬರುವವರೆಗೂ ಮನುಷ್ಯನನ್ನು ಅರಿಯದೆ, ಅರಿತೊಡನೆ ಬೆಚ್ಚಿ ಮೇಲೆ ಬೀಳುವ ಸ್ವಭಾವದ್ದಾದುದರಿಂದ, ಮಕ್‌ನೀಲಿನಂತೆ ಇದರ ಸನಿಹದಲ್ಲಿ ಹೋಗಿ ಕೂರುವುದು ಸಲ್ಲದು. ಆ ಕಾರಣದಿಂದಲೇ ದರೋಜಿಯಲ್ಲಿ ವೀಕ್ಷಣಗೋಪುರವು ಕರಡಿಕಲ್ಲು ಗುಡ್ಡಕ್ಕೆ ಎದುರಾಗಿ, ದೂರದಲ್ಲಿದೆ. ನೋಡುವ ಹೊತ್ತು ಮಧ್ಯಾಹ್ನದಿಂದ ಸಂಜೆಯವರೆಗೆ.

ಆದರೆ ಅಲ್ಲಿನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಕರಡಿಗಳನ್ನು ಕರೆಯುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿದೆ. ಆಟರ್ ಕ್ರೀಕಿನ ಮುಸುರೆಯ ರಾಶಿಗೂ ಈ ಒಂದಿಷ್ಟು ಬೆಲ್ಲಕ್ಕೂ ಪರಿಮಾಣದಲ್ಲಿ ಅಜಗಜಾಂತರವಿದೆಯೆಂಬುದನ್ನು ಒಪ್ಪುತ್ತೇನೆ. ಬೆಲ್ಲ ತಿಂದ ಕರಡಿಗೆ ಅದನ್ನು ಬಳಿದವನ ಮುಖ ಕಾಣುವುದಿಲ್ಲವೆಂಬುದೂ, ಈ ಆಕರ್ಷಣೆಯ ಬಲದಿಂದಲೇ ಗಣಿಗಳ ನೆರೆಯ ಆ ಕಾಡಿನ ಮೇಲೆ ಜನರಿಗೆ ಮಮತೆ ಹುಟ್ಟಿತೆಂಬುದೂ ನಿಜವಿರಬಹುದು. ಆದರೂ ಎರಡರ ತತ್ತ್ವ ಒಂದೇ: ಪ್ರೇಕ್ಷಕನು ಕಾಯಲಾರನು, ಆದುದರಿಂದ ಕರಡಿಯನ್ನು ಹೊತ್ತಿಗೆ ಸರಿಯಾಗಿ ಬರಿಸಬೇಕು. ಇದನ್ನು ಕ್ರೇಗ್‌ಹೆಡ್ ಸೋದರರು ಹೇಳಿದ ರೀತಿಯಲ್ಲಿ ಹಂತಹಂತವಾಗಿ ನಿಲ್ಲಿಸಿ, ಕರಡಿಯನ್ನು ಹಣ್ಣಿಗೂ ಹುತ್ತಕ್ಕೂ ಬಿಟ್ಟುಕೊಡುವುದು ಲೇಸು.

ಅದು ಸಾಧ್ಯವಾಗುವುದು ನೋಡುವವರು ಒಪ್ಪಿದಾಗ ಮಾತ್ರ. ದರೋಜಿಗೆ ಹೋಗುವ ಓದುಗರು ಸುಗಂಧ ಪೂಸಿಕೊಳ್ಳದೆ, ಮಾಸಲು ಬಣ್ಣದ ಬಟ್ಟೆ ತೊಟ್ಟು, ಒಂದು ಒಳ್ಳೆಯ ದುರ್ಬೀನನ್ನೂ ಕುಡಿಯುವ ನೀರನ್ನೂ ಒಯ್ಯಲಿ. ಇನ್ನಷ್ಟು ಹತ್ತಿರ ಕರೆದುಕೊಂಡು ಹೋಗೆಂದು ಮಾರ್ಗದರ್ಶಕನನ್ನು ಕಾಡದಿರಲಿ. ಕರಡಿಯು ಬಾರದೆ ಹೋದ ಸಂಜೆ ಅವನ ಮೇಲೆ ಸಿಡುಕದೆ ಮರಳಿ, ಮತ್ತೊಮ್ಮೆ ಹೋಗಲಿ.