ಗೋಲಿ ಸೋಡಾದಿಂದ ಬಿಯರ್ ಕೆಗ್‌ವರೆಗೆ: ಸೋರಿಕೆಯ ಒಂದು ಚರಿತ್ರೆ

ಗೋಲಿ ಸೋಡಾ ಬಾಟಲಿಗೆ ಮುಚ್ಚಳವಿಲ್ಲ. ಕತ್ತಿನ ಒಳಬದಿಗೆ ಒಂದು ರಬ್ಬರ್ ಉಂಗುರ, ಅದಕ್ಕೆ ಕೆಳಗಿನಿಂದ ಒತ್ತಿಕೊಂಡ ಒಂದು ಗಾಜಿನ ಗೋಲಿ, ಅಷ್ಟೇ. ಆ ಗೋಲಿಯನ್ನು ಹಿಡಿದಿಟ್ಟಿರುವುದು ದಾರವೂ ಅಲ್ಲ, ತಂತಿಯೂ ಅಲ್ಲ, ಒಳಗಿನ ಗ್ಯಾಸು. ಹೊರಗೆ ಹೋಗಲು ಹವಣಿಸುವ ಗ್ಯಾಸೇ ತನ್ನ ಬಾಗಿಲನ್ನು ಒತ್ತಿ ಮುಚ್ಚಿಕೊಳ್ಳುತ್ತದೆ. ಕನ್ನಡದವರು ಗೋಲಿ ಸೋಡಾ ಎಂದು, ಮಲಯಾಳಿಗಳು ವಟ್ಟ್ ಸೋಡಾ ಎಂದು ಕರೆಯುವ ಈ ಬಾಟಲಿಯ ಹೆಸರು ಎರಡೂ ಭಾಷೆಗಳಲ್ಲಿ ಆ ಗೋಲಿಯಿಂದಲೇ ಬಂದಿದೆ. ಆದರೆ ನಿಜವಾದ ಕೆಲಸ ಮಾಡುವುದು ಹೆಸರಿಲ್ಲದ ಆ ರಬ್ಬರ್ ಉಂಗುರ.

ಗ್ಯಾಸು ತುಂಬಿದ ಪಾನೀಯವನ್ನು ಸೋರದಂತೆ ಇಡುವ ಕಲೆಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಉಂಗುರದ ಇತಿಹಾಸ. ಪಾತ್ರೆಯ ಗೋಡೆ ಸೋರುವುದು ಅಪರೂಪ. ಸೋರುವುದು ಎರಡು ವಸ್ತುಗಳು ಕೂಡುವ ಜಾಗದಲ್ಲಿ.

ಮೊದಲು ಇದ್ದದ್ದು ಪೀಪಾಯಿ. ಪೋರ್ಚುಗೀಸರ ‘ಪಿಪಾ’ ನಮ್ಮಲ್ಲಿ ಪೀಪಾಯಿಯಾಯಿತು. ಅದರಲ್ಲಿ ಅಂಟಿಲ್ಲ, ಮೊಳೆಯಿಲ್ಲ. ಬಾಗಿಸಿದ ಹಲಗೆಗಳನ್ನು ಕಬ್ಬಿಣದ ಪಟ್ಟಿಗಳು ಬಿಗಿದು ಹಿಡಿಯುತ್ತವೆ, ಒಳಗಿನ ದ್ರವವನ್ನು ಹೀರಿ ಮರ ಉಬ್ಬಿದಾಗ ಸಂದುಗಳು ಮುಚ್ಚಿಕೊಳ್ಳುತ್ತವೆ. ಖಾಲಿ ಪೀಪಾಯಿ ಒಣಗಿದರೆ ಸೋರುತ್ತದೆ. 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳು ಸೇರಿ ಯುನೈಟೆಡ್ ಬ್ರೂವರೀಸ್ ಆಯಿತು. ಆ ಕಾಲದಲ್ಲಿ ಬ್ರಿಟಿಷ್ ದಂಡಿಗೆ ಬಿಯರ್ ಹೋಗುತ್ತಿದ್ದದ್ದು ‘ಹಾಗ್ಸ್‌ಹೆಡ್’ ಎಂಬ ದೊಡ್ಡ ಪೀಪಾಯಿಗಳಲ್ಲಿ, ಎತ್ತಿನ ಗಾಡಿಯ ಮೇಲೆ.

ಸೋಡಾಕ್ಕೆ ಮರ ಸಾಲದು, ಅದರ ಒತ್ತಡ ಹೆಚ್ಚು. ಗಾಜಿನ ಬಾಟಲಿಗೆ ಬಿರಡೆ ಹಾಕಿದರೆ ಬಿರಡೆ ಒಣಗಿ ಕುಗ್ಗುತ್ತಿತ್ತು. ಅದಕ್ಕೇ ಹತ್ತೊಂಬತ್ತನೆಯ ಶತಮಾನದ ಆರಂಭದ ಸೋಡಾ ಬಾಟಲಿಗಳಿಗೆ ಮೊಟ್ಟೆಯಂತೆ ದುಂಡಗಿನ ತಳ. ನಿಲ್ಲಿಸಲಾಗದ ಬಾಟಲಿ ಮಲಗಿಯೇ ಇರುತ್ತಿತ್ತು, ಬಿರಡೆ ನೆನೆದೇ ಇರುತ್ತಿತ್ತು. 1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಬಿರಡೆಯನ್ನೇ ಕಿತ್ತು ಗೋಲಿಯನ್ನು ಒಳಗಿಟ್ಟ. ತಲೆಕೆಳಗಾಗಿ ಹಿಡಿದು ತುಂಬಿದರೆ ಗೋಲಿ ತಾನಾಗಿ ಉಂಗುರಕ್ಕೆ ಬಂದು ಕೂರುತ್ತದೆ. ನಮ್ಮ ಸೋಡಾ ಅಂಗಡಿಗಳಲ್ಲಿ ಬಾಟಲಿಗಳನ್ನು ಚೌಕಟ್ಟಿಗೆ ಸಿಕ್ಕಿಸಿ ಕೈಯಿಂದ ಗಿರ್ರನೆ ತಿರುಗಿಸುತ್ತಿದ್ದ ಯಂತ್ರದ ಗುಟ್ಟು ಇದು.

ಈ ಗ್ಯಾಸು, ಅಂದರೆ ಇಂಗಾಲದ ಡೈಆಕ್ಸೈಡ್, ಎಲ್ಲಿಂದ ಬರುತ್ತದೆ? ಕೊಚ್ಚಿಯ ಬಳಿ ಪೆರಿಯಾರ್ ಕವಲುಗಳ ನಡುವಿನ ಏಲೂರಿನಂಥ ಜಾಗಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿನ ಉದ್ಯೋಗಮಂಡಲದಲ್ಲಿ 1943ರಲ್ಲಿ ಸ್ಥಾಪನೆಯಾದ ಫ್ಯಾಕ್ಟ್ ಗೊಬ್ಬರ ಕಾರ್ಖಾನೆ 1947ರಲ್ಲಿ ಉತ್ಪಾದನೆ ಶುರುಮಾಡಿತು, ಮೊದಲಿಗೆ ಸೌದೆಯಿಂದ ಗ್ಯಾಸು ತೆಗೆದು ಅಮೋನಿಯಾ ಮಾಡಿತು. ಸೌದೆಯಿರಲಿ, ನಾಫ್ತಾ ಇರಲಿ, ನೈಸರ್ಗಿಕ ಅನಿಲವಿರಲಿ, ಅಮೋನಿಯಾಕ್ಕೆ ಬೇಕಾದ ಜಲಜನಕವನ್ನು ತೆಗೆಯುವಾಗ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೋಕದಾದ್ಯಂತ ಪಾನೀಯಗಳ ಗ್ಯಾಸಿನ ಒಂದು ದೊಡ್ಡ ಪಾಲು ಗೊಬ್ಬರದ ಈ ಉಪ ಉತ್ಪನ್ನವೇ. 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಗೊಬ್ಬರ ಕಾರ್ಖಾನೆಗಳು ನಿಂತಾಗ ಬಿಯರ್ ಮಾಡುವವರಿಗೂ ಗ್ಯಾಸಿನ ಚಿಂತೆ ಹತ್ತಿತು.

ಮನೆಯಲ್ಲೇ ಬಿಯರ್ ಮಾಡಿ ಕೆಗ್‌ಗೆ ತುಂಬುವುದು ಕರ್ನಾಟಕದಲ್ಲಿ, ಕೇರಳದಲ್ಲಿ ಪರವಾನಗಿಯಿಲ್ಲದೆ ಅಪರಾಧ. ಬ್ರಿಟನ್ 1963ರಲ್ಲಿ ಇಂಥ ನಿರ್ಬಂಧ ತೆಗೆಯಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿಯಿಂದ ದಾರಿ ತೆರೆಯಿತು. ಅಲ್ಲಿ ಈ ಹವ್ಯಾಸದ ಕೈಗೆ ಸಿಕ್ಕ ಪಾತ್ರೆಯೂ ಸೋಡಾದ್ದೇ. ಪೆಪ್ಸಿ, ಕೋಕ್‌ನವರು ಪಾಕ ಸಾಗಿಸುತ್ತಿದ್ದ ಸುಮಾರು 19 ಲೀಟರಿನ ‘ಕಾರ್ನೀಲಿಯಸ್’ ಸ್ಟೀಲ್ ಕೆಗ್‌ಗಳು, ಪಾಕ ಡಬ್ಬಿಯೊಳಗಿನ ಪ್ಲಾಸ್ಟಿಕ್ ಚೀಲಗಳಿಗೆ ಬದಲಾದ ಮೇಲೆ, ಅಗ್ಗಕ್ಕೆ ಮಾರಾಟವಾದವು.

ಈ ಕೆಗ್‌ನ ಮೊಟ್ಟೆಯಾಕಾರದ ಮುಚ್ಚಳವನ್ನು ಓರೆಮಾಡಿ ಒಳಗಿಳಿಸಿ, ಒಳಗಿನಿಂದ ಮೇಲಕ್ಕೆಳೆದು ಕೂರಿಸಬೇಕು. ಗೋಲಿಯ ಲೆಕ್ಕವೇ ಇಲ್ಲೂ: ಒಳಗಿನ ಒತ್ತಡ ಮುಚ್ಚಳವನ್ನು ಅಂಚಿಗೆ ಅದುಮುತ್ತದೆ. ಹಾಗಾಗಿ ಒತ್ತಡ ಕಡಿಮೆಯಿದ್ದಾಗಲೇ ಅದು ಸೋರುವುದು. ತಿಳಿದವರು ಮೊದಲು ಸುಮಾರು 30 ಪಿಎಸ್‌ಐ ಗ್ಯಾಸು ಕೊಟ್ಟು ಮುಚ್ಚಳವನ್ನು ಕೂರಿಸಿ, ಆಮೇಲೆ 10-12ಕ್ಕೆ ಇಳಿಸುತ್ತಾರೆ. ಉಳಿದ ಜಾಗಗಳಲ್ಲಿ ಇರುವುದು ಓ-ರಿಂಗ್. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋದ ನೀಲ್ಸ್ ಕ್ರಿಸ್ಟೆನ್ಸನ್ 1937ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಉಂಗುರ ಅದು. ಅದಕ್ಕೆ ಅಡುಗೆಗೆ ಸಲ್ಲುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಬೇಕು, ಸೀಳಿದ್ದರೆ ಬದಲಿಸಬೇಕು. ನಲ್ಲಿ ರಿಪೇರಿ ಮಾಡಿ ಅಭ್ಯಾಸವಿರುವವರು ಸಿಲಿಂಡರಿನ ತಿರುಪಿಗೂ ಟೆಫ್ಲಾನ್ ಟೇಪ್ ಸುತ್ತುವುದುಂಟು. ವಾಷರ್ ಇರುವ ಕಡೆ ಗ್ಯಾಸು ತಡೆಯುವುದು ವಾಷರ್, ತಿರುಪಲ್ಲ. ಅಲ್ಲಿ ಟೇಪಿನಿಂದ ಪ್ರಯೋಜನವಿಲ್ಲ.

ರಬ್ಬರಿನ ಬಲ ಅದರ ಮೆದುತನದಲ್ಲಿದೆ, ಚಳಿಗೆ ಅದು ಗಡುಸಾಗುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆಯ ಏಳು ಮಂದಿ ಸತ್ತದ್ದು, ಆ ಬೆಳಗಿನ ಚಳಿಗೆ ಬಿಗುವಾದ ಓ-ರಿಂಗ್ ಸಂದನ್ನು ಮುಚ್ಚದೆ ಹೋದದ್ದರಿಂದ. ಹೊರಗಿದ್ದಾಗ ಸೋರದ ಕೆಗ್ ಫ್ರಿಜ್ಜಿನೊಳಗೆ ಸೋರಬಹುದು. ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಬೇಕು.

ನೋಡುವುದು ಹೇಗೆ? ಸಿಲಿಂಡರಿನ ಮುಳ್ಳನ್ನು ನಂಬುವಂತಿಲ್ಲ. ಒಳಗೆ ಇಂಗಾಲದ ಡೈಆಕ್ಸೈಡ್ ದ್ರವವಾಗಿ ನಿಂತಿರುತ್ತದೆ. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 57 ಬಾರ್. ಕೊನೆಯ ಹನಿ ಆವಿಯಾಗುವವರೆಗೂ ಮುಳ್ಳು ಅಲ್ಲೇ ನಿಂತಿರುತ್ತದೆ. ಸಿಲಿಂಡರನ್ನು ತೂಗಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಬಿಯರ್ ತುಂಬಿದ ಕೆಗ್‌ನ ಒತ್ತಡ ಇಳಿದರೂ ಅದು ಸೋರಿಕೆಯೇ ಆಗಬೇಕಿಲ್ಲ, ಬಿಯರ್ ಗ್ಯಾಸನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಖಾಲಿ ಕೆಗ್‌ಗೆ ಒತ್ತಡ ಕೊಟ್ಟು, ಸಿಲಿಂಡರ್ ಮುಚ್ಚಿ, ರಾತ್ರಿಯಿಡೀ ಬಿಟ್ಟು ನೋಡಬೇಕು. ಮುಳ್ಳು ಇಳಿದಿದ್ದರೆ ಪ್ರತಿ ಕೂಡಿಕೆಗೂ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ತನ್ನನ್ನು ತಾನೇ ತೋರಿಸುತ್ತದೆ.

ಅಡುಗೆ ಸಿಲಿಂಡರಿನ ಉಂಗುರವನ್ನು ನೋಡಿದವರಿಗೆ ಇದು ಹೊಸದಲ್ಲ. ಆದರೆ ಒಂದು ವ್ಯತ್ಯಾಸವಿದೆ. ಅಡುಗೆ ಗ್ಯಾಸಿಗೆ ಬೇಕೆಂದೇ ದುರ್ವಾಸನೆ ಬೆರೆಸುತ್ತಾರೆ. ಏಲೂರಿನ ಅಮೋನಿಯಾ ಸೋರಿದರೆ ಮೂಗು ಕೂಗಿ ಹೇಳುತ್ತದೆ. ಅದರ ಜತೆಗೇ ಹುಟ್ಟುವ ಇಂಗಾಲದ ಡೈಆಕ್ಸೈಡಿಗೆ ವಾಸನೆಯಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಅದು ಮುಚ್ಚಿದ ಕೋಣೆಯ ತಳದಲ್ಲಿ ಸದ್ದಿಲ್ಲದೆ ತುಂಬುತ್ತದೆ. ಉತ್ತರ ಕರ್ನಾಟಕದ ರೈತರಿಗೆ ಇದು ಹಗೇವಿನಿಂದ ಗೊತ್ತು. ನೆಲದಡಿ ಜೋಳ ತುಂಬಿಟ್ಟ ಹಗೇವು ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಡುತ್ತಾರೆ, ದೀಪ ಇಳಿಸಿ ನೋಡುತ್ತಾರೆ. ಕಾಳು ಉಸಿರಾಡಿ ಬಿಟ್ಟದ್ದು ಅದೇ ಗ್ಯಾಸು.

ದೀಪ ಆರದಿದ್ದರೂ ಅಪಾಯವಿರಬಹುದೆಂದು ಈಗ ಗೊತ್ತಿದೆ. ಹಾಗಾಗಿ ಸಿಲಿಂಡರನ್ನು ಗಾಳಿಯಾಡುವ ಕಡೆ ನಿಲ್ಲಿಸಿ ಕಟ್ಟುವುದು, ಕೆಲಸವಿಲ್ಲದಾಗ ವಾಲ್ವ್ ಮುಚ್ಚುವುದು ಮೊದಲ ಪಾಠ. ಸೋರಿಹೋದ ಗ್ಯಾಸಿನ ಬೆಲೆ ಕೆಲವು ನೂರು ರೂಪಾಯಿ, ಸವೆದ ಉಂಗುರದ ಬೆಲೆ ಅದಕ್ಕಿಂತ ಕಡಿಮೆ. ಅದನ್ನು ಬದಲಿಸದೆ ಮುಚ್ಚಿದ ಕೋಣೆಯಲ್ಲಿ ಮಲಗಿದವನು ಪಣಕ್ಕಿಟ್ಟಿರುವುದು ಹಣವನ್ನಲ್ಲ.