ಹಳೆಯ ಮೋಟಾರು ಕಾರುಗಳ ಹೆಡ್‌ಲೈಟ್ ದೋಷಗಳು: ನೋಂದಣಿ ನವೀಕರಣಕ್ಕೆ ಮುನ್ನ ಮಾಲೀಕರು ಪರಿಶೀಲಿಸಬೇಕಾದ ಅಂಶಗಳು

1. ಪೀಠಿಕೆ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 41ರ ಅನ್ವಯ ಖಾಸಗಿ ಕಾರಿನ ನೋಂದಣಿ ಪ್ರಮಾಣ ಪತ್ರವು 15 ವರ್ಷಗಳ ಅವಧಿಗೆ ಮಾನ್ಯವಾಗಿರುತ್ತದೆ. ತದನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ಪರಿವೀಕ್ಷಣೆಗೆ ಹಾಜರುಪಡಿಸಿ, 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕಾಗುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮುಂತಾದ ಹಳೆಯ ಕಾರುಗಳಲ್ಲಿ ಹೆಡ್‌ಲೈಟ್‌ಗಳ ವಿದ್ಯುತ್ ದೋಷವು ಸಾಮಾನ್ಯವಾಗಿ ಕಂಡುಬರುವುದರಿಂದ, ಅರ್ಜಿದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ನಿಯಮಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 105ರ ಪ್ರಕಾರ, ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನವರೆಗೆ, 155 ಮೀಟರ್ ಮುಂದಿರುವ ವ್ಯಕ್ತಿಗಳು ಹಾಗೂ ವಾಹನಗಳು ಸ್ಪಷ್ಟವಾಗಿ ಕಾಣುವಂತೆ ದೀಪಗಳು ಬೆಳಗಬೇಕು. ನಿಯಮ 106ರ ಪ್ರಕಾರ ಬೆಳಕು ಕೆಳಮುಖವಾಗಿದ್ದು, 8 ಮೀಟರ್ ಎದುರಿನಲ್ಲಿ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕುವಂತಿರಬಾರದು. ಮಂದವಾದ ದೀಪವೂ ಅತಿಪ್ರಖರವಾದ ದೀಪವೂ ಸಮಾನವಾಗಿ ಅಪಾಯಕಾರಿಯಾಗಿರುತ್ತವೆ.

3. ದೋಷದ ಮೂಲ

ದೀಪ ಮಂದವಾದೊಡನೆ ಬಲ್ಬ್ ಬದಲಾಯಿಸುವುದು ರೂಢಿಯಲ್ಲಿದೆ. ಆದರೆ ಹಳೆಯ ಕಾರುಗಳಲ್ಲಿ ದೋಷವು ಬಹುತೇಕ ಬಲ್ಬಿನಲ್ಲಿರದೆ, ಅದಕ್ಕೆ ವಿದ್ಯುತ್ ತಲುಪಿಸುವ ಜೋಡಣೆಗಳಲ್ಲಿರುತ್ತದೆ. ತಾಮ್ರದ ತಂತಿಯ ತುದಿಗೆ ಹಿಡಿದ ಹಸಿರು ಕಿಲುಬು, ಅರ್ತ್ ತಂತಿಯ ಕೆಳಗಿನ ತುಕ್ಕು ಹಾಗೂ ಸವೆದ ಸ್ವಿಚ್ ಇವುಗಳಿಂದ ವೋಲ್ಟೇಜ್ ಕುಸಿಯುತ್ತದೆ. ಬಲ್ಬಿಗೆ ತಲುಪುವ ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದಲ್ಲಿ ಬೆಳಕು ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ.

4. ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

(ಅ) ಎರಡೂ ದೀಪಗಳು ಉರಿಯದಿದ್ದಲ್ಲಿ: ಬ್ಯಾಟರಿ ಟರ್ಮಿನಲ್, ಫ್ಯೂಸ್, ಲೈಟ್ ಸ್ವಿಚ್ ಹಾಗೂ ಡಿಪ್ಪರ್ ಸ್ವಿಚ್‌ಗಳನ್ನು ಇದೇ ಕ್ರಮದಲ್ಲಿ ಪರೀಕ್ಷಿಸತಕ್ಕದ್ದು. ಕೆಲವು ಹಳೆಯ ಮಾದರಿಗಳಲ್ಲಿ ಹೆಡ್‌ಲೈಟ್‌ಗೆ ಪ್ರತ್ಯೇಕ ಫ್ಯೂಸ್ ಇರುವುದಿಲ್ಲ.

(ಆ) ಒಂದೇ ದೀಪ ಉರಿಯದಿದ್ದಲ್ಲಿ: ಬಲ್ಬ್, ಹೋಲ್ಡರ್ ಹಾಗೂ ಆ ಬದಿಯ ಅರ್ತ್ ತಂತಿ.

(ಇ) ಹೈ ಬೀಮ್ ಅಥವಾ ಲೋ ಬೀಮ್ ಮಾತ್ರ ಇಲ್ಲದಿದ್ದಲ್ಲಿ: ಎರಡೂ ಬದಿಗಳಲ್ಲಿ ಒಂದೇ ಬೀಮ್ ಇಲ್ಲವಾದರೆ ಡಿಪ್ಪರ್ ಸ್ವಿಚ್, ಒಂದೇ ಬದಿಯಲ್ಲಾದರೆ ಬಲ್ಬಿನ ಫಿಲಮೆಂಟ್. ಹಳೆಯ ಅಂಬಾಸಿಡರ್‌ಗಳಲ್ಲಿ ಚಾಲಕರ ಪಾದದ ಬಳಿ ಇರುವ ಡಿಪ್ಪರ್, ಮಳೆನೀರು ಹಾಗೂ ಧೂಳಿನಿಂದ ಕೆಡುವ ಸಂಭವವಿರುತ್ತದೆ.

(ಈ) ಹೆಡ್‌ಲೈಟ್ ಹಾಕಿದಾಗ ಬೇರೊಂದು ದೀಪ ಮಂದವಾಗಿ ಬೆಳಗಿದಲ್ಲಿ: ಇದು ಅರ್ತ್ ದೋಷದ ಲಕ್ಷಣ. ಹಿಂತಿರುಗುವ ದಾರಿ ಕಾಣದ ವಿದ್ಯುತ್ತು ಇತರ ದೀಪದ ಮೂಲಕ ಹರಿಯುತ್ತಿರುತ್ತದೆ.

(ಉ) ಎಂಜಿನ್ ವೇಗ ಹೆಚ್ಚಿಸಿದಾಗ ಮಾತ್ರ ಪ್ರಕಾಶಿಸಿದಲ್ಲಿ: ಡೈನಮೊ ಇರುವ ಕಾರುಗಳಲ್ಲಿ ಇದು ಸ್ವಲ್ಪಮಟ್ಟಿಗೆ ಸಹಜ. ಬಲ್ಬುಗಳು ಪದೇ ಪದೇ ಸುಟ್ಟುಹೋಗುತ್ತಿದ್ದಲ್ಲಿ ವೋಲ್ಟೇಜ್ ರೆಗ್ಯುಲೇಟರ್ ಪರೀಕ್ಷಿಸತಕ್ಕದ್ದು.

5. ಪರೀಕ್ಷಾ ವಿಧಾನ

ಎಂಜಿನ್ ನಿಲ್ಲಿಸಿ, ದೀಪ ಉರಿಯುತ್ತಿರುವಾಗಲೇ ಮಲ್ಟಿಮೀಟರ್‌ನಿಂದ ಮೊದಲು ಬ್ಯಾಟರಿಯಲ್ಲಿ, ಬಳಿಕ ಬಲ್ಬ್ ಹೋಲ್ಡರ್‌ನಲ್ಲಿ ವೋಲ್ಟೇಜ್ ಅಳೆಯಬೇಕು. ವ್ಯತ್ಯಾಸವು ಅರ್ಧ ವೋಲ್ಟ್‌ಗಿಂತ ಗಣನೀಯವಾಗಿ ಹೆಚ್ಚಿದ್ದಲ್ಲಿ ನಡುವಿನ ಯಾವುದೋ ಜೋಡಣೆ ದೋಷಪೂರಿತವಾಗಿದೆ ಎಂದರ್ಥ. ಹೋಲ್ಡರ್‌ನ ಅರ್ತ್ ತುದಿಯಿಂದ ಕಾರಿನ ಬಾಡಿಗೆ ತಾತ್ಕಾಲಿಕವಾಗಿ ಒಂದು ತಂತಿ ಜೋಡಿಸಿದಾಗ ಬೆಳಕು ಹೆಚ್ಚಿದರೆ ದೋಷವು ಅರ್ತ್‌ನಲ್ಲಿರುತ್ತದೆ. ಆ ಜಾಗವನ್ನು ಉಜ್ಜುಕಾಗದದಿಂದ ಲೋಹ ಕಾಣುವವರೆಗೆ ಸ್ವಚ್ಛಗೊಳಿಸಿ, ಬಿಗಿಗೊಳಿಸಿ, ಗ್ರೀಸ್ ಲೇಪಿಸಬೇಕು.

ದುರಸ್ತಿಗೆ ಮುನ್ನ ಬ್ಯಾಟರಿಯ ಅರ್ತ್ ಬದಿಯ ಟರ್ಮಿನಲ್ ಅನ್ನು ಕಡ್ಡಾಯವಾಗಿ ಬೇರ್ಪಡಿಸತಕ್ಕದ್ದು. ಕೆಲವು ಹಳೆಯ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಅರ್ತ್ ಆಗಿರುತ್ತದೆಯಾದ್ದರಿಂದ ಗುರುತು ನೋಡಿಯೇ ಮುಂದುವರಿಯಬೇಕು.

6. ಹೆಚ್ಚಿನ ವಾಟ್ ಬಲ್ಬ್ ಬಗ್ಗೆ ಎಚ್ಚರಿಕೆ

12 ವೋಲ್ಟ್ ವ್ಯವಸ್ಥೆಯಲ್ಲಿ 45 ವಾಟ್‌ನ ಎರಡು ಬಲ್ಬುಗಳು 7.5 ಆಂಪಿಯರ್ ವಿದ್ಯುತ್ ಸೆಳೆದರೆ, 100 ವಾಟ್‌ನ ಎರಡು ಬಲ್ಬುಗಳು 16 ಆಂಪಿಯರ್‌ಗೂ ಮೀರಿ ಸೆಳೆಯುತ್ತವೆ. ಹಳೆಯ ಸ್ವಿಚ್ ಹಾಗೂ ತಂತಿಗಳು ಇದನ್ನು ತಾಳಲಾರದೆ ಕರಗಿ, ಬೆಂಕಿ ಅನಾಹುತಕ್ಕೆ ಕಾರಣವಾಗಬಹುದು. ಎದುರಿನಿಂದ ಬರುವ ಚಾಲಕರ ಕಣ್ಣಿಗೂ ಇವು ಕತ್ತಲು ಕವಿಸುತ್ತವೆ. ಆದ್ದರಿಂದ ತಯಾರಕರು ಸೂಚಿಸಿದ ವಾಟ್‌ನ ಬಲ್ಬನ್ನೇ ಉಳಿಸಿಕೊಂಡು, ಫ್ಯೂಸ್ ಸಹಿತ ರಿಲೇ ಅಳವಡಿಸಿಕೊಳ್ಳುವುದು ಸೂಕ್ತ. ರಿಲೇ ಇದ್ದಲ್ಲಿ ದೀಪದ ಪೂರ್ಣ ವಿದ್ಯುತ್ತು ಹಳೆಯ ಸ್ವಿಚ್ಚಿನ ಮೂಲಕ ಹಾಯದೆ ಬ್ಯಾಟರಿಯಿಂದ ನೇರವಾಗಿ ದೀಪಕ್ಕೆ ತಲುಪುತ್ತದೆ.

7. ವಿಂಟೇಜ್ ವಾಹನಗಳು

2021ರ ತಿದ್ದುಪಡಿಯಂತೆ, ಪ್ರಥಮ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ 'ವಿಎ' ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿ ಲಭ್ಯವಿದ್ದು, ಇದು 10 ವರ್ಷ ಮಾನ್ಯವಾಗಿರುತ್ತದೆ. ಇಂತಹ ವಾಹನಗಳನ್ನು ದೈನಂದಿನ ಅಥವಾ ವಾಣಿಜ್ಯ ಬಳಕೆಗೆ ರಸ್ತೆಗಿಳಿಸುವಂತಿಲ್ಲ.

8. ಅರ್ಜಿದಾರರಿಗೆ ಸೂಚನೆ

ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಸಲ್ಲಿಸಬಹುದಾಗಿದೆ. ಪರಿವೀಕ್ಷಣೆಯ ಹಿಂದಿನ ಸಂಜೆ ಸಮತಟ್ಟಾದ ನೆಲದಲ್ಲಿ ಗೋಡೆಯೆದುರು ಕಾರು ನಿಲ್ಲಿಸಿ, ಎರಡೂ ದೀಪಗಳ ಹೈ ಮತ್ತು ಲೋ ಬೀಮ್‌ಗಳು ಸಮನಾಗಿ ಬೆಳಗುವುದನ್ನು ಖಚಿತಪಡಿಸಿಕೊಂಡಲ್ಲಿ, ದೀಪದ ಕಾರಣಕ್ಕೆ ಕಚೇರಿಗೆ ಮತ್ತೊಮ್ಮೆ ಬರುವ ಪ್ರಮೇಯ ತಪ್ಪುತ್ತದೆ. ಸ್ವತಃ ಪರಿಶೀಲಿಸಲು ಸಾಧ್ಯವಾಗದವರು ಅನುಭವಿ ಆಟೋ ಎಲೆಕ್ಟ್ರಿಷಿಯನ್‌ರ ನೆರವು ಪಡೆಯುವುದು.