ಚಿತ್ರದ ಹಡಗು, ಅಂಗಳದ ಮೆಣಸು

ಹಳದೀಪುರದ ನಮ್ಮ ದೊಡ್ಡಾಯಿಯ ಮನೆಯ ಜಗಲಿಯಲ್ಲಿ, ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಒಂದು ಚಿತ್ರವಿತ್ತು. ದೊಡ್ಡ ದೊಡ್ಡ ಹಾಯಿಹಡಗುಗಳು, ಹಾರುವ ಬಾವುಟಗಳು, ಸುತ್ತ ಜನ ತುಂಬಿದ ಸಣ್ಣ ದೋಣಿಗಳು. ಬೇಸಗೆ ರಜೆಯಲ್ಲಿ ಅದರ ಕೆಳಗೆ ಮಲಗಿ ಹಗ್ಗಗಳನ್ನು ಎಣಿಸುತ್ತಿದ್ದೆ. ನಮ್ಮ ಹೊನ್ನಾವರದ ಬಂದರಿಗೆ ಬಂದ ಹಡಗುಗಳೇ ಇರಬೇಕೆಂದು ನಂಬಿದ್ದೆ.

ಎಷ್ಟೋ ವರ್ಷಗಳ ಮೇಲೆ ಕಲೆಯ ಪುಸ್ತಕವೊಂದರಲ್ಲಿ ಅದೇ ಚಿತ್ರ ಕಣ್ಣಿಗೆ ಬಿತ್ತು. ಹಾಲೆಂಡಿನ ಹೆಂಡ್ರಿಕ್ ವ್ರೂಮ್ 1599ರಲ್ಲಿ ಬರೆದ ತೈಲಚಿತ್ರ. ಮೂಲ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. 1598ರ ಮೇ ತಿಂಗಳಲ್ಲಿ ಹೊರಟ ಎಂಟು ಹಡಗುಗಳಲ್ಲಿ ನಾಲ್ಕು, ಮರುವರ್ಷ ಜುಲೈಯಲ್ಲಿ ಜಾವಾದ ಬಾಂಟಾಮಿನಿಂದ ಕಾಳುಮೆಣಸು ತುಂಬಿಕೊಂಡು ಊರು ಸೇರಿದ ಸಂಭ್ರಮ ಅದು. ವ್ರೂಮ್ ಹಗ್ಗ, ಹಾಯಿ, ಬಾವುಟ ಯಾವುದನ್ನೂ ಬಿಡದೆ ಬರೆದಿದ್ದಾನೆ. ಹಡಗಿನ ಹೊಟ್ಟೆಯೊಳಗಿನ ಮೆಣಸು ಮಾತ್ರ ಕಾಣುವುದಿಲ್ಲ.

ಆ ಹೊತ್ತಿನಲ್ಲಿ ನಮ್ಮ ಗೇರುಸೊಪ್ಪೆಯನ್ನು ಆಳುತ್ತಿದ್ದವಳು ಚೆನ್ನಭೈರಾದೇವಿ. ಘಟ್ಟದ ಮೆಣಸು ಶರಾವತಿಯ ಹೊಳೆಯಲ್ಲಿ ಇಳಿದು ಹೊನ್ನಾವರಕ್ಕೆ ಬರುತ್ತಿತ್ತು. ಅದಕ್ಕಾಗಿ ಪೋರ್ಚುಗೀಸರು ಅವಳೊಡನೆ ಕಾದಾಡಿದರು, ವ್ಯಾಪಾರವನ್ನೂ ಮಾಡಿದರು. ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದವರೂ ಅವರೇ. ಆದರೆ ಅವಳ ಹಡಗುಗಳನ್ನು, ಅವಳ ಬಂದರನ್ನು ಹೀಗೆ ಬಣ್ಣದಲ್ಲಿ ಬರೆದ ಚಿತ್ರವನ್ನು ನಾನು ಕಂಡಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಊರಿಗೆ ಹೋದಾಗ ದೊಡ್ಡಾಯಿಗೆ ಇದನ್ನೆಲ್ಲ ಹೇಳಿದೆ. ಅಂಗಳದ ಚಾಪೆಯ ಮೇಲೆ ಮೆಣಸು ಹರವುತ್ತಿದ್ದವಳು ತಲೆ ಎತ್ತಿದಳು.

“ಅಲ್ವೇ ತಂಗಿ, ಹಡಗು ನೋಡಲು ಅಷ್ಟು ಜನ ಬಂದಿದ್ದಾರೆ. ಮೆಣಸು ಕೊಯ್ದವರು, ಒಣಗಿಸಿದವರು ಎಲ್ಲಿದ್ದಾರೆ?”

ನನ್ನ ಬಳಿ ಉತ್ತರವಿರಲಿಲ್ಲ. ಆ ಮನೆಯ ಮೆಣಸೂ ದೊಡ್ಡಪ್ಪನ ಹೆಸರಿನಲ್ಲೇ ಮಂಡಿಗೆ ಹೋಗುತ್ತಿತ್ತು. ಬಳ್ಳಿಯ ಬುಡದಲ್ಲಿ ಉದುರಿದ ಕಾಳು ಮಾತ್ರ ದೊಡ್ಡಾಯಿಯದು. ಅದನ್ನು ಹೆಕ್ಕಿ, ಒಣಗಿಸಿ, ಡಬ್ಬಿಯಲ್ಲಿ ಕೂಡಿಟ್ಟು ಮಾರಿದ ದುಡ್ಡಿನಿಂದಲೇ ನನ್ನ ಕಾಲೇಜಿನ ಮೊದಲ ವರ್ಷದ ಫೀಸು ಕಟ್ಟಿದ್ದು. ಮನೆಯ ಲೆಕ್ಕದ ಪುಸ್ತಕದಲ್ಲಿ ಆ ದುಡ್ಡಿನ ಸುದ್ದಿಯೇ ಇಲ್ಲ.

ದೊಡ್ಡಾಯಿ ಈಗಿಲ್ಲ. ಚಿತ್ರ ನನ್ನ ಮನೆಗೆ ಬಂದಿದೆ. ಮಕ್ಕಳು ಬಾವುಟ ಎಣಿಸುತ್ತಾರೆ. ನನಗೆ ಮಾತ್ರ ಆ ಹಡಗುಗಳನ್ನು ಕಂಡಾಗಲೆಲ್ಲ, ಮೆಣಸು ತಿಕ್ಕಿ ತಿಕ್ಕಿ ಕಪ್ಪಾದ ಅವಳ ಬೆರಳುಗಳು ನೆನಪಾಗುತ್ತವೆ.